ಹೊಸ ಡಾಂಬರು ರಸ್ತೆ ಅಗೆಯದೆ ಇಂಟರ್ನೆಟ್ ಸಂಪರ್ಕ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆಯ ಅಡ್ಡರಸ್ತೆಗಳಿಗೆ ಹಲವು ವರ್ಷಗಳ ನಂತರ ಡಾಂಬರು ಬಿದ್ದಿದೆ. ಉಳಿದ ರಸ್ತೆಗಳ ಕೆಲಸವೂ ಶುರುವಾಗಲಿದೆ. ಹೊಸದಾಗಿ ಡಾಂಬರು ಹಾಕಿದ ಯಾವ ರಸ್ತೆಯನ್ನೂ ನಮ್ಮ ಫೈಬರ್ ಕೇಬಲ್‌ಗಾಗಿ ಇನ್ನು ಮುಂದೆ ಅಗೆಯುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಇದರಿಂದ ಕೆಲವು ಮನೆಗಳಿಗೆ ಹೊಸ ಸಂಪರ್ಕ ತಡವಾಗಬಹುದು.

ಅನುಮತಿ ಪಡೆದು, ಶುಲ್ಕ ಕಟ್ಟಿ ಅಗೆದರೆ ತಪ್ಪೇನು ಎಂದು ಕೆಲವರು ಕೇಳಿದ್ದೀರಿ. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ಶುಲ್ಕ ಕಟ್ಟಿದ ಮಾತ್ರಕ್ಕೆ ರಸ್ತೆ ಉಳಿಯುವುದಿಲ್ಲ. ಅಗೆದದ್ದನ್ನು ಸರಿಯಾಗಿ ಮುಚ್ಚಬೇಕಾದರೆ ಮಣ್ಣನ್ನು ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸ್ಸು ಹೊಡೆಯಬೇಕು. ಅದರ ಮೇಲೆ ಜಲ್ಲಿ, ಆಮೇಲೆ ಡಾಂಬರು. ರಾತ್ರಿ ಅಗೆದು ಬೆಳಗಾಗುವುದರೊಳಗೆ ಮುಚ್ಚುವ ಅವಸರದಲ್ಲಿ ತೆಗೆದ ಮಣ್ಣನ್ನೇ ಒಟ್ಟಿಗೆ ಸುರಿದು ತೇಪೆ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಜೋರು ಮಳೆ ಬಂದರೆ ಅದು ಕುಸಿಯುತ್ತದೆ. ತೇಪೆಯ ಅಂಚಿನಿಂದ ಇಳಿದ ನೀರು ಪಕ್ಕದ ಗಟ್ಟಿ ರಸ್ತೆಯ ತಳವನ್ನೂ ಸಡಿಲ ಮಾಡುತ್ತದೆ. ವೈಟ್‌ಟಾಪಿಂಗ್ ಆದ, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹಾಸಿದ ರಸ್ತೆಯಲ್ಲಿ ಇನ್ನೂ ಕಷ್ಟ. ಕತ್ತರಿಸಿದ ಕಾಂಕ್ರೀಟಿಗೆ ತೇಪೆ ಸರಿಯಾಗಿ ಕೂರುವುದಿಲ್ಲ, ಆ ಭಾಗದ ಇಡೀ ಚಪ್ಪಡಿಯನ್ನೇ ತೆಗೆದು ಹೊಸದಾಗಿ ಹಾಕಬೇಕು. ಹೀಗೆ ಕುಸಿದ ಗುಂಡಿಗೆ ಸ್ಕೂಟರ್ ಇಳಿಸುವವರು, ಮುಂಜಾನೆ ಕತ್ತಲಲ್ಲಿ ಹಾಲು ತರಲು ಹೋಗಿ ಎಡವುವ ಹಿರಿಯರು ನಮ್ಮ ಗ್ರಾಹಕರೇ. ಇದು ನಮಗೆ ಸಣ್ಣ ವಿಷಯವಲ್ಲ.

ನೀರು, ಒಳಚರಂಡಿ, ವಿದ್ಯುತ್, ಗ್ಯಾಸ್, ಫೈಬರ್ ಎಲ್ಲವೂ ಬೇಕಾದವೇ. ಒಂದೊಂದಕ್ಕೂ ಬೇರೆ ಟೆಂಡರ್, ಬೇರೆ ಗುತ್ತಿಗೆದಾರ, ಬೇರೆ ಗಡುವು ಇರುವುದೇ ತೊಂದರೆ. ಇದಕ್ಕೆ ದಾರಿ ಇಲ್ಲವೆಂದಲ್ಲ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ (ರಸ್ತೆ, ಫುಟ್‌ಪಾತ್, ಪೈಪು, ಕೇಬಲ್ ಎಲ್ಲವನ್ನೂ ಒಂದೇ ಯೋಜನೆಯಲ್ಲಿ ಸೇರಿಸುವ) ಕಾಮಗಾರಿ ಮಾಡಿದಾಗ ಕೇಬಲ್‌ಗಳಿಗಾಗಿ ಫುಟ್‌ಪಾತ್ ಕೆಳಗೇ ಕೊಳವೆಗಳನ್ನು ಹಾಕಿ, ಅಲ್ಲಲ್ಲಿ ಮುಚ್ಚಳವಿರುವ ಗುಂಡಿ, ಅಂದರೆ ಚೇಂಬರ್ ಕೊಟ್ಟರು. ಹೊಸ ಕೇಬಲ್ ಬೇಕಾದರೆ ಮುಚ್ಚಳ ತೆಗೆದು ಎಳೆದರಾಯಿತು. ನಮ್ಮಂಥ ಬಡಾವಣೆಗಳಿಗೂ ಅಂಥ ವ್ಯವಸ್ಥೆ ಬರಬೇಕೆಂದು ನಾವು ಕೇಳುತ್ತಲೇ ಇರುತ್ತೇವೆ. ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ಮಾಡುತ್ತೇವೆ.

ನಮ್ಮ ಚೇಂಬರ್ ನಿಮ್ಮ ಮನೆಯ ಸಾಲಿನಲ್ಲೇ ಇದ್ದರೆ ಮೊದಲಿನಂತೆಯೇ ಸಂಪರ್ಕ ಸಿಗುತ್ತದೆ. ರಸ್ತೆಯ ಆಚೆ ಬದಿಯಲ್ಲಿದ್ದರೆ, ತಿರುವಿನಲ್ಲಿ ರಸ್ತೆಯಡಿ ಈಗಾಗಲೇ ಇರುವ ಅಡ್ಡ ಪೈಪಿನ ಮೂಲಕ ಸುತ್ತು ಹಾಕಿ ಕೇಬಲ್ ತರುತ್ತೇವೆ. ಇದರಿಂದ ಸ್ಪೀಡ್ ಕಡಿಮೆಯಾದೀತೆಂಬ ಆತಂಕ ಬೇಡ. ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಿದರೂ ನಷ್ಟ ಅರ್ಧ ಡೆಸಿಬೆಲ್‌ಗಿಂತ (ಬೆಳಕಿನ ಬಲ ಕುಗ್ಗುವುದರ ಅಳತೆ) ಕಡಿಮೆ, ಇನ್ನೂರು ಮೀಟರ್ ಹೆಚ್ಚಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಹೆಚ್ಚುವರಿ ಕೇಬಲ್‌ನ ಖರ್ಚು ನಮ್ಮದು.

ಅಡ್ಡ ಪೈಪ್ ಇಲ್ಲದ ಕಡೆ ಕಾಯಬೇಕಾಗುತ್ತದೆ. ಬೇರೆ ಯಾವುದಾದರೂ ಇಲಾಖೆ ಅನುಮತಿ ಪಡೆದು ಆ ರಸ್ತೆ ತೆರೆದಾಗ, ಅವರೊಂದಿಗೆ ಮಾತಾಡಿ ನಮ್ಮ ಪೈಪನ್ನೂ ಇಡುತ್ತೇವೆ. ಹಲವು ಮನೆಗಳವರು ಒಟ್ಟಿಗೆ ಕೇಳಿದರೆ ರಸ್ತೆಯಡಿ ಯಂತ್ರದಿಂದ ಅಡ್ಡಡ್ಡ ಕೊರೆಸುವ ದಾರಿಯೂ ಇದೆ. ಕೆಳಗೇನಿದೆ ಎಂದು ನೋಡದೆ ಕೊರೆದರೆ ನೀರಿನ ಪೈಪೋ ಗ್ಯಾಸ್ ಪೈಪೋ ಒಡೆಯುತ್ತದೆ. ಅದಕ್ಕಾಗಿ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ನೆಲದಡಿಯ ಪೈಪು, ಕೇಬಲ್‌ಗಳವರಿಗೆ ಮುಂಚಿತವಾಗಿ ತಿಳಿಸಿಯೇ ಕೆಲಸ ಹಿಡಿಯುತ್ತೇವೆ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಕೇಬಲ್ ಜೋತುಬಿಟ್ಟು ತಾತ್ಕಾಲಿಕ ಸಂಪರ್ಕ ಕೊಡಿ ಎಂದು ದಯವಿಟ್ಟು ಒತ್ತಾಯಿಸಬೇಡಿ. ಕಾಯುವ ಅವಧಿಗೆ ಇಂಟರ್ನೆಟ್ ಬಾಡಿಗೆ ಪಡೆಯುವುದಿಲ್ಲ, ಮುಂಗಡ ಕಟ್ಟಿದವರು ಕೇಳಿದರೆ ಪೂರ್ತಿ ಹಿಂದಿರುಗಿಸುತ್ತೇವೆ.

ಇನ್ನೂ ಡಾಂಬರು ಬೀಳದ ರಸ್ತೆಯವರಲ್ಲಿ ಒಂದು ವಿನಂತಿ. ಮಹಡಿ ಕಟ್ಟಿಸಿ ಬಾಡಿಗೆಗೆ ಕೊಡುವ ಯೋಚನೆ ಇರುವವರು, ಖಾಲಿ ಸೈಟ್ ಇಟ್ಟುಕೊಂಡವರು ಈಗಲೇ ನಮಗೆ ತಿಳಿಸಿ. ಗೇಟಿನವರೆಗೆ ಖಾಲಿ ಪೈಪ್ ಹಾಕಿ ತುದಿ ಮುಚ್ಚಿಡುತ್ತೇವೆ, ಅದಕ್ಕೆ ಹಣ ಬೇಡ. ಕಾವೇರಿ ನೀರಿನ ಮತ್ತು ಒಳಚರಂಡಿಯ ಸಂಪರ್ಕ ಬಾಕಿ ಇದ್ದರೆ ಜಲಮಂಡಳಿಗೆ ಅರ್ಜಿಯನ್ನೂ ಈಗಲೇ ಹಾಕಿ. ಪಕ್ಕದ ಸೈಟಿನ ಮಾಲೀಕರು ಬೇರೆ ಊರಿನಲ್ಲಿದ್ದರೆ ಅವರಿಗೂ ಒಂದು ಫೋನ್ ಮಾಡಿ ವಿಷಯ ಮುಟ್ಟಿಸಿ. ನಮ್ಮ ಕಚೇರಿಗೆ ಬಂದು ಹೆಸರು ಬರೆಸಬಹುದು, ಬಿಲ್ ವಸೂಲಿಗೆ ಬರುವ ಹುಡುಗರ ಬಳಿಯೂ ಹೇಳಿ ಕಳಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು