ಹಾಲು, ಹುಲಿ, ಹತ್ತು: ಯುವ ಬರಹಗಾರನಿಗೊಂದು ಪತ್ರ

ಪ್ರೀತಿಯ ತಮ್ಮ,

ಇಂಗ್ಲಿಷ್, ಜರ್ಮನ್, ಡೇನಿಷ್ ಮುಂತಾದ ಜರ್ಮಾನಿಕ್ ಭಾಷೆಗಳ ಹುಟ್ಟಿನ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಪುಟಕ್ಕೇ ಗೋಥರು, ವ್ಯಾಂಡಲರು, ಸ್ಯಾಕ್ಸನರು ದಂಡು ಕಟ್ಟಿಕೊಂಡು ಬಂದುಬಿಟ್ಟಿದ್ದಾರೆ. ಅವರು ಬಾಯಿ ತೆರೆದು ಏನಾಡುತ್ತಿದ್ದರು ಅನ್ನುವುದು ಮಾತ್ರ ಐದನೇ ಪುಟದವರೆಗೆ ಕೇಳಿಸುವುದಿಲ್ಲ. ಭಾಷೆಯ ಕಥೆಯನ್ನು ಕಿವಿಯಿಂದ ಶುರುಮಾಡು ಮಾರಾಯ.

ಅದಕ್ಕೆ ಬೇಕಾದ್ದು ನಿನ್ನ ಓದುಗರ ಮನೆಯಲ್ಲೇ ಇದೆ. ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ಬಿಡಿ ಪದಗಳಲ್ಲ, ಸಾಲಿಗೆ ಸಾಲೇ ಬದಲಾಯಿತು. ಕ್ರಿಸ್ತಪೂರ್ವದಲ್ಲಿ ದಕ್ಷಿಣ ಸ್ಕ್ಯಾಂಡಿನೇವಿಯಾ, ಉತ್ತರ ಜರ್ಮನಿ ಕಡೆಯ ಜನರ ಬಾಯಲ್ಲೂ ಹೀಗೇ ಪಕಾರ ಸಡಿಲವಾಯಿತು. ಸಂಸ್ಕೃತದಲ್ಲಿ ಪಾದ ಇದ್ದರೆ ಇಂಗ್ಲಿಷಿನಲ್ಲಿ ಫುಟ್, ದಂತ ಇದ್ದರೆ ಟೂತ್, ತ್ರಿ ಇದ್ದರೆ ಥ್ರೀ. ಡೆನ್ಮಾರ್ಕಿನ ಭಾಷಾ ವಿದ್ವಾಂಸ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಈ ಸಾಲುಗಳನ್ನು ಎತ್ತಿ ತೋರಿಸಿದರು; ಅದಕ್ಕೇ ಗ್ರಿಮ್‌ನ ನಿಯಮ ಎನ್ನುತ್ತಾರೆ. (ಹೌದು, ಮಕ್ಕಳ ಕಥೆಗಳ ಗ್ರಿಮ್ ಸೋದರರಲ್ಲಿ ಅಣ್ಣ ಅವನೇ.)

ಇಷ್ಟು ಹೇಳಿ, ಎರಡನೇ ಪುಟದ ಒಂದು ವಾಕ್ಯಕ್ಕೆ ಕೆಂಪುಗೆರೆ ಎಳೆದಿದ್ದೇನೆ: ‘ಇಂಗ್ಲಿಷ್, ಜರ್ಮನ್ ಎಲ್ಲ ಸಂಸ್ಕೃತದಿಂದ ಹುಟ್ಟಿದವು.’ ಅಲ್ಲಪ್ಪ. ಅವು ಅದರ ಮಕ್ಕಳಲ್ಲ, ದಾಯಾದಿಗಳು. ನಮ್ಮ ಕನ್ನಡವಂತೂ ಆ ವಂಶವೇ ಅಲ್ಲ. ಪಾಲು-ಹಾಲಿನ ಹೋಲಿಕೆ ಬರೀ ಬಾಯಿಯ ಅಭ್ಯಾಸದ್ದು, ನಂಟಸ್ತಿಕೆಯದ್ದಲ್ಲ.

ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟ ವೆರ್ನರ್‌ನ ಹತ್ತಿರ ಕೂತುಕೋ. ಅಲ್ಲಿದೆ ರಸ. ಭ್ರಾತೃ, ಪಿತೃ ಎರಡರಲ್ಲೂ ನಡುವೆ ತಕಾರ. ಗ್ರಿಮ್‌ನ ನಿಯಮದಂತೆ ಎರಡೂ ಒಂದೇ ಥರ ಬದಲಾಗಬೇಕು. ಆದರೆ ಗೋಥರ ಹಳೆಯ ಭಾಷೆ ಗೋಥಿಕ್‌ನಲ್ಲಿ ‘ಬ್ರೋಥರ್’, ‘ಫದರ್’. ಇಂದಿನ ಜರ್ಮನ್‌ನಲ್ಲೂ ಬ್ರೂಡರ್, ಫಾಟರ್. ಒಡಹುಟ್ಟಿದವ ಒಂದು ದಾರಿ, ಅಪ್ಪ ಇನ್ನೊಂದು ದಾರಿ! ಐವತ್ತು ವರ್ಷ ಇದನ್ನು ಅಪವಾದ ಎಂದು ಮೂಲೆಗಿಟ್ಟಿದ್ದರು. 1875ರಲ್ಲಿ ಡೇನಿಷ್ ವಿದ್ವಾಂಸ ಕಾರ್ಲ್ ವೆರ್ನರ್‌ಗೆ ವೈದಿಕ ಸಂಸ್ಕೃತದ ಸ್ವರ ನೆನಪಾಯಿತು. ‘ಭ್ರಾತಾ’ದಲ್ಲಿ ಉದಾತ್ತ, ಅಂದರೆ ಏರುದನಿ, ಮೊದಲ ಅಕ್ಷರದ ಮೇಲೆ, ‘ಪಿತಾ’ದಲ್ಲಿ ಎರಡನೆಯದರ ಮೇಲೆ. ಆ ಏರಿಳಿತವೇ ವ್ಯಂಜನವನ್ನು ಬೇರೆ ಮಾಡಿತ್ತು. ಜರ್ಮಾನಿಕ್ ಭಾಷೆಗಳು ಆಮೇಲೆ ಒತ್ತನ್ನು ಮೊದಲ ಅಕ್ಷರಕ್ಕೇ ಜಡಿದು ಸಾಕ್ಷ್ಯ ಅಳಿಸಿಬಿಟ್ಟವು. ಅದು ಉಳಿದದ್ದು ವೇದ ಪಠಿಸುವವರ ಗಂಟಲಲ್ಲಿ. ಇಲ್ಲಿ ಇಂಗ್ಲಿಷ್ ಉದಾಹರಣೆ ಕೊಡಬೇಡ. ಫಾದರ್, ಬ್ರದರ್ ಎರಡೂ ಮುಂದೆ ಒಂದೇ ಆಗಿ, ಓದುಗನಿಗೆ ಗೊಂದಲವಾಗುತ್ತದೆ.

ಇನ್ನು ನಕ್ಷತ್ರದ ಗುರುತು. ಪದದ ಮುಂದೆ ಅದಿದ್ದರೆ ಎಲ್ಲೂ ಬರೆದು ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು ಎಂದರ್ಥ. ನಮ್ಮ ಪ-ಹ ಬದಲಾವಣೆ ಶಾಸನಗಳಲ್ಲಿ ಕಣ್ಣಿಗೇ ಕಾಣುತ್ತದೆ. ಜರ್ಮಾನಿಕ್ ಜನರದ್ದು ಬರವಣಿಗೆಗಿಂತ ಮುಂಚಿನದು. ಹಾಗಂತ ನೀನು ಬರೆದಂತೆ ಅದು ‘ಕಲ್ಪನೆ ಮಾತ್ರ’ವೂ ಅಲ್ಲ. ರಾಜನಿಗೆ ‘ಕುನಿಂಗಜ್’ ಎಂಬ ರೂಪ ಕಟ್ಟಿದ್ದಾರಲ್ಲ, ಅದನ್ನು ಫಿನ್ನಿಷ್ ಭಾಷೆ ಯಾವತ್ತೋ ಕಡ ತಂದು ಇವತ್ತಿಗೂ ‘ಕುನಿಂಗಸ್’ ಎನ್ನುತ್ತದೆ. ಕೊಟ್ಟವರ ಮನೆಯಲ್ಲಿ ಅದು ಸವೆದು ಕಿಂಗ್, ಕ್ಯೋನಿಗ್ ಆಯಿತು. ಕಡ ತಂದವರ ಪೆಟ್ಟಿಗೆಯಲ್ಲಿ ಒಡವೆ ಹಾಗೇ ಇದೆ.

ಡೆನ್ಮಾರ್ಕಿನ ಗಾಲೆಹುಸ್‌ನ ಚಿನ್ನದ ಕೊಂಬನ್ನೂ ಸೇರಿಸು. 1734ರಲ್ಲಿ ಸಿಕ್ಕಿದ್ದು, ಸುಮಾರು ಕ್ರಿ.ಶ. 400ರದ್ದು, ನಮ್ಮ ಹಲ್ಮಿಡಿ ಶಾಸನಕ್ಕೆ ಹೆಚ್ಚುಕಡಿಮೆ ಓರಗೆಯದು. ಅದರ ಮೇಲೆ ಜರ್ಮಾನಿಕ್ ಜನರ ಹಳೆಯ ರೂನ್ ಲಿಪಿಯಲ್ಲಿ ಒಬ್ಬನ ಹೆಸರು, ‘ಈ ಕೊಂಬನ್ನು ಮಾಡಿದೆ’ ಎಂಬ ಮಾತು. ‘ಕುನಿಂಗಜ್’ನಲ್ಲಿ ಕಂಡ ಆ ‘-ಅಜ್’ ಕೊನೆಯೂ ಅಲ್ಲಿದೆ. 1802ರಲ್ಲಿ ಕಳ್ಳನೊಬ್ಬ ಕದ್ದು ಕರಗಿಸಿಬಿಟ್ಟ. ನಾವೀಗ ಓದುವುದು ಅದಕ್ಕೂ ಮೊದಲು ಬಿಡಿಸಿಟ್ಟ ಚಿತ್ರವನ್ನು.

ಕೊನೆಯ ಪುಟದ ವಂಶವೃಕ್ಷ ಬೇಡ. ಅದರ ಬದಲು ಸಂಸ್ಕೃತದ ಹಂಸ, ಜರ್ಮನ್‌ನ ಗಾನ್ಸ್, ಇಂಗ್ಲಿಷಿನ ಗೂಸ್ ಮೂರನ್ನು ಪಕ್ಕಪಕ್ಕ ಇಟ್ಟು, ಇಂಗ್ಲಿಷಿನಲ್ಲಿ ನಕಾರ ಎಲ್ಲಿ ಹೋಯಿತು ಎಂದು ಕೇಳು. ತಿದ್ದಿದ ಪ್ರತಿ ಕಳಿಸುವಾಗ ಅಕ್ಷರ ಸ್ವಲ್ಪ ದೊಡ್ಡದಿರಲಿ, ನನ್ನ ಕಣ್ಣು ಮೊದಲಿನ ಹಾಗಿಲ್ಲ.

ನಿನ್ನ,
ಹಿರಿಯ ಗೆಳೆಯ