ನಮ್ಮ ಅಂಚೆಯಕ್ಕನಿಗೆ, ಮತ್ತೆ ಅವರಿಗಿಂತ ಮುಂಚೆ ಈ ದಾರಿಯಲ್ಲಿ ಬಂದವರಿಗೆ

ಕಾಲಿನ ಪ್ಲಾಸ್ಟರ್ ಬಿಚ್ಚಿ ಇವತ್ತಿಗೆ ಹತ್ತು ದಿನ. ಕೋಲು ಹಿಡಿದು ನಡೆಯುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಮನೆ ಮುಂದೆ ಐಸ್ ಮೇಲೆ ಜಾರಿ ಬಿದ್ದಾಗಿನಿಂದ ವಿಚಾರಿಸಿಕೊಂಡ ಎಲ್ಲರಿಗೂ ಥ್ಯಾಂಕ್ಸ್. ಸಾರಿನ ಪುಡಿ, ಚಟ್ನಿಪುಡಿ ಪಾರ್ಸೆಲ್ ಮಾಡಿದ ಮಿನಿಯಾಪೊಲಿಸ್ ಗೆಳತಿಯರಿಗೆ, ಹಿಮ ಎತ್ತಿಹಾಕಿದ ಪಕ್ಕದ ಮನೆ ಹುಡುಗನಿಗೆ, ಮೂರು ತಿಂಗಳು ಅಡುಗೆ ಮಾಡಿ ಈಗ ತಮ್ಮನ್ನು ದೊಡ್ಡ ಅಡುಗೆಭಟ್ಟರು ಅಂದುಕೊಂಡಿರುವ ನಮ್ಮ ಯಜಮಾನರಿಗೂ. ಆದರೆ ಈ ಬರಹ ಇನ್ನೊಬ್ಬರಿಗೆ. ಅವರಿಗೆ ಕನ್ನಡ ಬರಲ್ಲ. ಇರಲಿ, ನಿಮಗಾದರೂ ಗೊತ್ತಾಗಲಿ.

ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ, ಲೇಕ್ ಸುಪೀರಿಯರ್ ಅನ್ನುವ ಸರೋವರದ ದಂಡೆಯ ಒಂದು ಪುಟ್ಟ ಊರಲ್ಲಿ. ಇಲ್ಲಿ ಅಂಚೆಯವರು ಹೊಸ್ತಿಲ ತನಕ ಬಂದು "ಪೋಸ್ಟ್" ಅಂತ ಕೂಗುವುದಿಲ್ಲ. ರಸ್ತೆ ಬದಿ ಕಂಬದ ಮೇಲೆ ಡಬ್ಬಿ ಇರುತ್ತದೆ, ಗಾಡಿಯಿಂದಲೇ ಕೈ ಚಾಚಿ ಅದರೊಳಗೆ ಹಾಕಿ ಹೋಗುತ್ತಾರೆ. ಅದಕ್ಕೇ ಅವರ ಗಾಡಿಗೆ ಸ್ಟಿಯರಿಂಗ್ ಬಲಗಡೆ, ನಮ್ಮೂರಿನ ಕಾರುಗಳ ಹಾಗೆ. ಮುರಿದ ಕಾಲಿಗೆ ಆ ಡಬ್ಬಿ ಮೈಸೂರಿನಷ್ಟು ದೂರ. ನನ್ನ ಮಾತ್ರೆಗಳು ಬರುವುದೂ ಪೋಸ್ಟಲ್ಲೇ.

ಎರಡು ದಿನ ಡಬ್ಬಿ ತುಂಬಿದ್ದು ನೋಡಿ ನಮ್ಮ ಅಂಚೆಯಕ್ಕ ಬಂದು ಬಾಗಿಲು ತಟ್ಟಿದರು. ಕೈಲಾಗದವರು ಡಾಕ್ಟರ್ ಪತ್ರ ಕೊಟ್ಟರೆ ಬಾಗಿಲಿಗೇ ತಂದುಕೊಡುವ ಪದ್ಧತಿ ಇದೆ ಎಂದು ಹೇಳಿದ್ದು ಅವರೇ. ಅವತ್ತಿಂದ ಹನ್ನೊಂದರ ಹೊತ್ತಿಗೆ ಎರಡು ಸಲ ಹಾರ್ನ್. ಆಮೇಲೆ ಹಿಮದಲ್ಲಿ ಬೂಟಿನ ಸದ್ದು. ದಿನಾ ನಾನು ಕಾಯುತ್ತಿದ್ದ ಸದ್ದು ಅದೊಂದೇ.

ಸುಮ್ನೆ ಕೂತು ಬೇಜಾರಾಗಿ ಲೈಬ್ರರಿಯಿಂದ ಈ ಕಡೆಯ ಅಂಚೆಯವರ ಬಗ್ಗೆ ಪುಸ್ತಕ ತರಿಸಿ ಓದಿದೆ. ಇದೇ ದಂಡೆಯಲ್ಲಿ 1879ರಿಂದ 1899ರ ತನಕ ಟಪಾಲು ಸಾಗಿಸಿದವರು ಜಾನ್ ಬೇರ್‌ಗ್ರೀಸ್, ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನರಲ್ಲೊಬ್ಬರು. ಅವರ ದಾರಿ ಟೂ ಹಾರ್ಬರ್ಸ್ ಅನ್ನುವ ಊರಿಂದ ಗ್ರ್ಯಾಂಡ್ ಮರೇ ಅನ್ನುವ ಊರಿಗೆ. ಈಗ ಕಾರಲ್ಲಿ ಎರಡು ಗಂಟೆಯೂ ಬೇಡ. ಆಗ ಸರಿಯಾದ ರಸ್ತೆಯೇ ಇರಲಿಲ್ಲ. ಬೇಸಿಗೆಯಲ್ಲಿ ಹುಟ್ಟು ಹಾಕುವ ದೋಣಿ, ಚಳಿಗಾಲದಲ್ಲಿ ನಾಯಿಗಳು ಎಳೆಯುವ ಜಾರುಬಂಡಿ. ಅತಿ ಬೇಗ ಮುಟ್ಟಿದ್ದು ಅಂದರೆ 28 ಗಂಟೆಯಂತೆ! ನಾಯಿಗಳಿಗೆ ಗೆಜ್ಜೆ ಕಟ್ಟಿರುತ್ತಿತ್ತು. ಅವರು ಕಾಣುವ ಮೊದಲೇ ಗೆಜ್ಜೆ ಸದ್ದು ಕೇಳಿಸುತ್ತಿತ್ತಂತೆ. ಓದಿದಾಗ ನನಗೆ ನೆನಪಾದದ್ದು ಆ ಹಾರ್ನ್. ಬೇರ್‌ಗ್ರೀಸ್ ಹೆಸರಲ್ಲಿ ಈಗಲೂ ಚಳಿಗಾಲದಲ್ಲಿ ನಾಯಿಬಂಡಿ ಓಟ ನಡೆಯುತ್ತದೆ. ಈ ಸಲ ನೋಡಲು ಹೋಗಲಾಗಲಿಲ್ಲ.

ಹಳ್ಳಿಯ ಒಂಟಿ ಮನೆಗಳಿಗೆ ಸರ್ಕಾರ ಪುಕ್ಕಟೆಯಾಗಿ ಟಪಾಲು ತಲುಪಿಸಲು ಶುರು ಮಾಡಿದ್ದು 1896ರಲ್ಲಿ, ಮೊದಲು ವೆಸ್ಟ್ ವರ್ಜೀನಿಯಾದಲ್ಲಿ. ಖಾಯಂ ಆದದ್ದು 1902ರಲ್ಲಿ. ಅದಕ್ಕೆ ಮುಂಚೆ ಅಯೋವಾ, ವಿಸ್ಕಾನ್ಸಿನ್ ರೈತರು ಗಾಡಿ ಕಟ್ಟಿಕೊಂಡು ಪೋಸ್ಟಾಫೀಸಿಗೆ ಹೋಗಿ "ನಮಗೇನಾದರೂ ಬಂದಿದೆಯಾ" ಅಂತ ಕೇಳಬೇಕಿತ್ತು. ಎಷ್ಟೋ ಕಡೆ ಪೋಸ್ಟಾಫೀಸು ಅಂದರೆ ಅಂಗಡಿಯ ಒಂದು ಮೂಲೆ. ಅಬ್ರಹಾಂ ಲಿಂಕನ್ ಕೂಡ 1833ರಲ್ಲಿ, 24ನೇ ವಯಸ್ಸಿಗೆ, ಇಲಿನಾಯ್‌ನ ನ್ಯೂ ಸೇಲಂ ಹಳ್ಳಿಯ ಪೋಸ್ಟ್‌ಮಾಸ್ಟರ್ ಆಗಿದ್ದರು. ಬಾರದೆ ಉಳಿದವರ ಕಾಗದಗಳನ್ನು ಟೋಪಿಯೊಳಗೆ ಇಟ್ಟುಕೊಂಡು ತಾವೇ ಕೊಟ್ಟುಬರುತ್ತಿದ್ದರಂತೆ.

ಹೊಸ ವ್ಯವಸ್ಥೆಯಲ್ಲಿ ಹಳ್ಳಿ ಸುತ್ತುವವರು ಕುದುರೆ, ಗಾಡಿ ಎರಡನ್ನೂ ತಾವೇ ತರಬೇಕಿತ್ತು. ಮೇವಿನ ಖರ್ಚೂ ಅವರದ್ದೇ. ದಾರಿಯಲ್ಲೇ ಸ್ಟ್ಯಾಂಪು ಮಾರುವುದು, ಮನಿಯಾರ್ಡರ್ ಪಡೆಯುವುದು, ಎಲ್ಲ ಇವರೇ. ರೈತರು ಇಟ್ಟ ಮೊದಲ ಡಬ್ಬಿಗಳೋ ಸೋಪಿನ ಪೆಟ್ಟಿಗೆ, ಕೊಬ್ಬಿನ ಡಬ್ಬ! ಈಗ ಎಲ್ಲೆಲ್ಲೂ ಕಾಣುವ ಕಮಾನಿನ ಡಬ್ಬಿಯ ವಿನ್ಯಾಸ ಬಂದದ್ದು 1915ರಲ್ಲಿ. ಇನ್ನು ಸಾರಿನ ಪುಡಿ ವಿಷಯ. 1913ರ ಜನವರಿ 1ಕ್ಕೆ ಪಾರ್ಸೆಲ್ ಸೇವೆ ಶುರುವಾಗುವ ತನಕ ಇಲ್ಲಿನ ಅಂಚೆಯಲ್ಲಿ ನಾಲ್ಕು ಪೌಂಡ್‌ಗಿಂತ ಜಾಸ್ತಿ ತೂಕದ ಪೊಟ್ಟಣ ಕಳಿಸುವಂತಿರಲಿಲ್ಲ. ಗೆಳತಿಯರೇ, ನಿಮ್ಮ ಪೊಟ್ಟಣ ಆಗ ಬರುತ್ತಲೇ ಇರಲಿಲ್ಲ.

ಅಂಚೆಯಕ್ಕನಿಗೆ ಏನಾದರೂ ಕೊಡಬೇಕು ಅನ್ನಿಸಿತು. ದುಡ್ಡು ತಗೊಳ್ಳುವಂತಿಲ್ಲ, 20 ಡಾಲರ್ ಒಳಗಿನ ಉಡುಗೊರೆ ಆಗಬಹುದು. ಯಜಮಾನರ ಪ್ರಯೋಗ ಬೇಡ ಅಂತ ಸ್ಟೂಲ್ ಮೇಲೆ ಕೂತು ನಾನೇ ಚಕ್ಕುಲಿ ಕರಿದೆ. ನಿನ್ನೆ ಹತ್ತೂವರೆಗೇ ಹೊರಟೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚಕ್ಕುಲಿ ಡಬ್ಬ. ನಡುವೆ ಎರಡು ಸಲ ನಿಂತೆ. ಹನ್ನೊಂದಕ್ಕೆ ತಿರುವಿನಲ್ಲಿ ಆ ಗಾಡಿ ಕಾಣಿಸಿತು. ನಾನು ಎದುರಿಗೇ, ಡಬ್ಬಿ ಪಕ್ಕದಲ್ಲೇ ನಿಂತಿದ್ದೆ. ಆದರೂ ಅವರು ಎರಡು ಸಲ ಹಾರ್ನ್ ಹೊಡೆದರು.