ಲಾಂಗ್ ರಾಫ್ಟಿಂಗ್‌ಗೆ ಹಣ ಪಡೆದು ಮೊಣಕಾಲುದ್ದದ ನೀರಿನಲ್ಲಿ ಸುತ್ತಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಜಲಸಾಹಸ ಪ್ರವಾಸ ಸಂಸ್ಥೆ, ದಾಂಡೇಲಿ

ವಿಷಯ: ರೂ. 6,200 ಮರಳಿಸುವ ಕುರಿತು

ಮಾನ್ಯರೇ,

ಕಳೆದ ಶನಿವಾರ ನಾವು ಐವರು ಬೆಳಗಿನ ಜಾವ ಮೂರಕ್ಕೆ ದಾವಣಗೆರೆ ಬಿಟ್ಟು ಎಂಟರ ಹೊತ್ತಿಗೆ ಗಣೇಶಗುಡಿಯಲ್ಲಿದ್ದೆವು. ಕಾಳಿ ನದಿಯಲ್ಲಿ ಒಂಬತ್ತು ಕಿಲೋಮೀಟರ್ ಲಾಂಗ್ ರಾಫ್ಟಿಂಗ್ ಎಂದು ತಲೆಗೆ 1,600ರಂತೆ ಒಟ್ಟು 8,000 ರೂಪಾಯಿಗೆ ಒಪ್ಪಂದವಾಗಿತ್ತು. 3,000 ಮೊದಲೇ ಕಳುಹಿಸಿದ್ದೆ. ಉಳಿದ 5,000ವನ್ನು ನಿಮ್ಮ ಹುಡುಗ ಕಾರಿನ ಬಾಗಿಲ ಬಳಿಯೇ ನಿಂತು ಹಾಕಿಸಿಕೊಂಡ. ನದಿಯನ್ನು ನಾವಿನ್ನೂ ನೋಡಿರಲಿಲ್ಲ.

ನೋಡಿದಾಗ ಅಲ್ಲಿ ಬಂಡೆಗಳೇ ಹೆಚ್ಚಿದ್ದವು. ಸೂಪಾ ಅಣೆಕಟ್ಟೆಯ ವಿದ್ಯುದಾಗಾರ ನಡೆದರೆ ಮಾತ್ರ ಕೆಳಗೆ ನೀರು ಬರುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ ಎಂಬುದು ನನಗೂ ಗೊತ್ತು. ನೀರು ಬಿಡಲಿಲ್ಲವೆಂದು ನಿಮ್ಮ ಮೇಲೆ ದೂರು ಬರೆಯುವಷ್ಟು ದಡ್ಡನಲ್ಲ. ಆದರೆ ಈ ದಿನ ನೀರು ಬಿಡುವುದಿಲ್ಲವೆಂದು ಹಿಂದಿನ ರಾತ್ರಿಯೇ ನಿಮ್ಮ ಕಚೇರಿಗೆ ತಿಳಿದಿತ್ತೆಂದು ನಿಮ್ಮವರೇ ಒಬ್ಬರು ದಡದಲ್ಲಿ ಹೇಳಿದರು. ಆಗಲೇ ಒಂದು ಕರೆ ಮಾಡಿದ್ದರೆ ನಾವು ಮನೆಯಲ್ಲಿ ಮಲಗಿರುತ್ತಿದ್ದೆವು. ಕರೆ ಮಾಡಲಿಲ್ಲ, ಬೆಳಿಗ್ಗೆ ಏಳಕ್ಕೆ ಮಾತ್ರ 'ಎಲ್ಲಿದ್ದೀರಿ, ಬೇಗ ಬನ್ನಿ' ಎಂದು ಎರಡು ಬಾರಿ ಫೋನ್ ಮಾಡಿದಿರಿ.

ಇನ್ನು ಲೈಫ್ ಜಾಕೆಟ್. ನನಗೆ ಕೊಟ್ಟದ್ದರಲ್ಲಿ ಮೂರು ಬಕಲ್‌ಗಳ ಪೈಕಿ ಎರಡು ಮುರಿದಿದ್ದವು. ಒಂದರ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ಹಗ್ಗದ ಗಂಟು, ಅದೂ ಒದ್ದೆಯಾಗಿ ಒಣಗಿ ಕಲ್ಲಿನಂತಾಗಿತ್ತು. ಹೊಲಿಗೆ ಬಿಟ್ಟ ಕಡೆಯಿಂದ ಫೋಮ್ ಹಿಟ್ಟಿನಂತೆ ಉದುರುತ್ತಿತ್ತು. ಒಂಬತ್ತು ವರ್ಷದ ಮಗಳಿಗೆ ಅಳತೆಯದ್ದೇ ಇರಲಿಲ್ಲ. ದೊಡ್ಡವರದನ್ನೇ ತೊಡಿಸಿ 'ಬಿಗಿಯಾಗಿ ಹಿಡಿದುಕೊಂಡಿರು ಪುಟ್ಟಿ' ಎಂದರು. ಭುಜದ ಪಟ್ಟಿ ಹಿಡಿದು ಎತ್ತಿ ನೋಡಿದೆ: ಜಾಕೆಟ್ ಕಿವಿಯವರೆಗೆ ಮೇಲೆ ಬಂತು, ಮಗು ಕೆಳಗೇ ಉಳಿಯಿತು. ನೀರಿನಲ್ಲೂ ಆಗುವುದು ಅದೇ. ಅವಳನ್ನೂ ಹೆಂಡತಿಯನ್ನೂ ದಡದಲ್ಲಿ ಬಿಟ್ಟೆ. (ಅವರಿಬ್ಬರು ಮರದ ಮೇಲೆ ಒಂದು ಜೋಡಿ ಮಂಗಟ್ಟೆ ಹಕ್ಕಿ ನೋಡಿದರಂತೆ. ಆ ದಿನ ಲಾಭವಾದದ್ದು ಅಷ್ಟೇ, ಅದಕ್ಕೆ ನಿಮ್ಮ ರಸೀದಿ ಬೇಕಿರಲಿಲ್ಲ.)

ದೋಣಿ ಹತ್ತಿದ್ದು ನಾನು, ಭಾವಮೈದುನ ಮತ್ತು ಅವನ ಹೆಂಡತಿ. ಜೊತೆಗೆ ಬೇರೆ ಗುಂಪಿನ ಎಂಟು ಜನರನ್ನು ತುಂಬಿದಿರಿ. ಒಂದು ಕಿಲೋಮೀಟರ್ ಕೂಡ ಹೋಗಲಿಲ್ಲ. ಮೂರು ಕಡೆ ತಳ ಬಂಡೆಗೆ ಒರಸಿ ನಿಂತಾಗ ಗೈಡ್ ಮೊಣಕಾಲುದ್ದದ ನೀರಿಗಿಳಿದು ತಳ್ಳಿದ. ಪಾಪ, ಬೆವರಿಳಿಸಿ ದುಡಿದವನು ಅವನೊಬ್ಬನೇ. ಈ ಪತ್ರದ ನೆಪದಲ್ಲಿ ಅವನ ಕೂಲಿಗೆ ಕೈ ಹಾಕಬೇಡಿ. ಇಪ್ಪತ್ತೈದು ನಿಮಿಷಕ್ಕೆ ಹತ್ತಿದ ಜಾಗದಲ್ಲೇ ಇಳಿದೆವು. ಕಚೇರಿಗೆ ಬಂದು ಕೇಳಿದರೆ 'ಪ್ರಕೃತಿ ಸಾರ್, ನಾವೇನು ಮಾಡಲು ಆಗುತ್ತದೆ' ಎಂಬ ಉತ್ತರ. ನೀರು ಪ್ರಕೃತಿಯದಿರಬಹುದು, ಬಕಲ್ ಯಾರದು?

ನಿಮ್ಮದೇ ಫಲಕದಲ್ಲಿ ಶಾರ್ಟ್ ರಾಫ್ಟಿಂಗ್ ದರ ತಲೆಗೆ 600 ಎಂದಿದೆ. ನಾವು ಮೂವರು ಮಾಡಿದ್ದು ಅದೇ ಎಂದು ಒಪ್ಪಿಕೊಂಡು 1,800 ಕಳೆದಿದ್ದೇನೆ. ಬಾಕಿ 6,200 ರೂಪಾಯಿಯನ್ನು ಹಣ ಬಂದ ಖಾತೆಗೇ 15 ದಿನಗಳೊಳಗೆ ಹಾಕಿ. ಮುಂದಿನ ಬಾರಿ ಬರುವಾಗ ರಿಯಾಯಿತಿ ಕೊಡುತ್ತೇವೆ ಎಂಬ ಮಾತು ಬೇಡ. ಮಕ್ಕಳ ಅಳತೆಯ ಜಾಕೆಟ್ ತರಿಸಿದ್ದೀರೋ ಇಲ್ಲವೋ ಎಂಬುದನ್ನೂ ಉತ್ತರದಲ್ಲಿ ತಿಳಿಸಿ.

ಹಣ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನಿರುವ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸುತ್ತೇನೆ. ಇಷ್ಟು ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ. ವಿಚಾರಣೆಗೆ ನಸುಕಿನಲ್ಲಿ ಎದ್ದು ಹೊರಡಬೇಕಾದವರು ಆಗ ನೀವು.

ಪಾವತಿಯ ವಿವರ, ನಿಮ್ಮ ವಾಟ್ಸ್‌ಆ್ಯಪ್ ಸಂದೇಶಗಳು ಮತ್ತು ಜಾಕೆಟ್‌ನ ನಾಲ್ಕು ಫೋಟೊಗಳನ್ನು ಲಗತ್ತಿಸಿದ್ದೇನೆ. ನೀಲಿ ಗಂಟು ಎರಡನೆಯ ಫೋಟೊದಲ್ಲಿದೆ.

ಇಂತಿ,
ಶನಿವಾರ ಎಂಟು ಗಂಟೆಯ ತಂಡದ ಗ್ರಾಹಕ,
ದಾವಣಗೆರೆ